ತಲೆಗೆ ಬಿದ್ದ ಪೆಟ್ಟಿನ ತೂಕವೆಷ್ಟು?

ಸುಗ್ಗಿ ಮುಗಿದ ಮೇಲೆ ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಗಳು ನಡೆಯುತ್ತವೆ. ಮಣ್ಣು ಹದ ಮಾಡಿ, ಸುಣ್ಣದಲ್ಲಿ ಗೆರೆ ಎಳೆದು, ನಾಲ್ಕು ಮೂಲೆಗೆ ದೀಪದ ಕಂಬ ನೆಟ್ಟರೆ ಅಂಕಣ ಸಿದ್ಧ. ದಾಳಿಗೆ ಹೋದ ಹುಡುಗ ಗೆರೆ ಮುಟ್ಟಲು ನೆಲಕ್ಕೆ ಹಾರುತ್ತಾನೆ. ಅವನನ್ನು ತಡೆಯಲು ಬಂದವನ ಮೊಣಕಾಲು ಅವನ ಕಿವಿಯ ಮೇಲ್ಭಾಗಕ್ಕೆ ಬಡಿಯುತ್ತದೆ. ಒಂದು ಕ್ಷಣ ಎಲ್ಲ ಸ್ತಬ್ಧ. ಯಾರೋ ತಲೆಯ ಮೇಲೆ ಒಂದು ಚೊಂಬು ನೀರು ಸುರಿಯುತ್ತಾರೆ. ಇನ್ನೊಬ್ಬರು ಎರಡು ಬೆರಳು ತೋರಿಸಿ ‘ಎಷ್ಟಿದೆ?’ ಎಂದು ಕೇಳುತ್ತಾರೆ. ಹುಡುಗ ‘ಎರಡು’ ಎನ್ನುತ್ತಾನೆ, ಇಲ್ಲವೇ ‘ರೆಂಡು’ ಎನ್ನುತ್ತಾನೆ. ಜನ ಚಪ್ಪಾಳೆ ತಟ್ಟುತ್ತಾರೆ, ಆಟ ಮುಂದುವರಿಯುತ್ತದೆ.

ಬಿದ್ದ ಪೆಟ್ಟು ಎಷ್ಟು ದೊಡ್ಡದು? ಈ ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೂ ಉತ್ತರಿಸುವ ಸಾಧನ ಇತ್ತೀಚಿನವರೆಗೆ ಜಗತ್ತಿನ ಯಾವ ಮೈದಾನದಲ್ಲೂ ಇರಲಿಲ್ಲ. ಈಗ ಇದೆ. ಹಲ್ಲಿಗೆ ಸಿಕ್ಕಿಸಿಕೊಳ್ಳುವ ಮೌತ್‌ಗಾರ್ಡಿನೊಳಗೆ ಅಕ್ಕಿ ಕಾಳಿನಷ್ಟು ಚಿಕ್ಕ ಸಂವೇದಕಗಳನ್ನು ಹುದುಗಿಸಿ, ಆಟಗಾರನ ತಲೆ ಎಷ್ಟು ಜೋರಾಗಿ ಅಲುಗಿತೆಂದು ಅಂಕಣದ ಹೊರಗೆ ಕುಳಿತ ವೈದ್ಯರಿಗೆ ಆ ಕ್ಷಣದಲ್ಲೇ ತಿಳಿಸುವ ವ್ಯವಸ್ಥೆ 2024ರ ಜನವರಿಯಿಂದ ಅಂತರರಾಷ್ಟ್ರೀಯ ರಗ್ಬಿಯಲ್ಲಿ ಜಾರಿಯಲ್ಲಿದೆ. ಇದು ಎಲ್ಲಿಯೋ ದೂರದ ಆಟದ ಮಾತು ಎನಿಸಬಹುದು. ಆದರೆ ಅದರ ಹಿಂದಿರುವ ತತ್ವ ಕೋಲಾರದವರಿಗೆ ಹೊಸತಲ್ಲ. ನೂರು ವರ್ಷಕ್ಕೂ ಹಿಂದೆ ಈ ಜಿಲ್ಲೆಯ ನೆಲದಡಿಯಲ್ಲಿ ಬೀಳುತ್ತಿದ್ದ ಪೆಟ್ಟುಗಳನ್ನು ಅಳೆದದ್ದು ಇದೇ ತತ್ವದಿಂದ.

ಕೋಲಾರ ಚಿನ್ನದ ಗಣಿಗಳು ಆಳಕ್ಕೆ ಇಳಿದಂತೆಲ್ಲ ಹೊಸದೊಂದು ಪಿಡುಗು ಕಾಣಿಸಿಕೊಂಡಿತು. ಸುತ್ತಲಿನ ಬಂಡೆಯ ಭಾರವನ್ನು ತಾಳಲಾರದೆ ಗಣಿಯೊಳಗಿನ ಶಿಲೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು. ಸಿಡಿದಾಗ ಸುರಂಗಗಳಲ್ಲಿ ಗಾಳಿ ರಭಸದಿಂದ ನುಗ್ಗುತ್ತಿದ್ದುದರಿಂದ ಅದಕ್ಕೆ ‘ಏರ್ ಬ್ಲಾಸ್ಟ್’ ಎಂಬ ಹೆಸರು ಬಂತು. ವಿಜ್ಞಾನಿಗಳು ಇಂದು ಅದನ್ನು ಶಿಲಾಸ್ಫೋಟ ಎನ್ನುತ್ತಾರೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಡಬ್ಲ್ಯು. ಎಫ್. ಸ್ಮೀತ್ 1904ರಷ್ಟು ಹಿಂದೆಯೇ ಈ ಸಿಡಿತಗಳನ್ನು ಕುರಿತು ಬರೆದಿದ್ದರು. 1910ರ ದಶಕದಲ್ಲಿ ಗಣಿ ಪ್ರದೇಶದಲ್ಲಿ ಭೂಕಂಪ ಮಾಪಕವೊಂದನ್ನು ನಿಲ್ಲಿಸಲಾಯಿತು. ಗಣಿಯ ಅದುರುವಿಕೆಯನ್ನು ಅಳೆಯಲು ಜಗತ್ತಿನಲ್ಲಿ ನಡೆದ ಮೊದಮೊದಲ ಪ್ರಯತ್ನಗಳಲ್ಲಿ ಅದೊಂದು. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಯಿತು. 1962ರಲ್ಲಿ ಅಲ್ಲಿ ಸಂಭವಿಸಿದ ಸರಣಿ ಸ್ಫೋಟಗಳು ಗಣಿಯ ಇತಿಹಾಸದಲ್ಲೇ ಭೀಕರವಾದವು ಎಂದು ಹೆಸರಾಗಿವೆ. 1970ರ ದಶಕದ ಕೊನೆಯಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನೆರವಿನಿಂದ ಜಿಯೋಫೋನ್‌ಗಳ ಜಾಲವನ್ನೇ ಹರಡಲಾಯಿತು. 1988ರಲ್ಲಿ ರಾಷ್ಟ್ರೀಯ ಶಿಲಾಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿದ್ದು ಕೂಡ ಕೆಜಿಎಫ್‌ನಲ್ಲಿಯೇ. ಗಣಿಗಳು 2001ರ ಫೆಬ್ರುವರಿ ಕೊನೆಯಲ್ಲಿ ಮುಚ್ಚಿದವು.

ಈ ಯಂತ್ರಗಳ ಒಳಗುಟ್ಟು ಬಹಳ ಸರಳ. ಭಾರವಾದ ಗುಂಡೊಂದನ್ನು ಸ್ಪ್ರಿಂಗಿಗೋ ಲೋಲಕಕ್ಕೋ ತೂಗುಹಾಕಿ. ನೆಲ ಅಲುಗಿದಾಗ ಚೌಕಟ್ಟು ನೆಲದೊಡನೆ ಅಲುಗುತ್ತದೆ, ಗುಂಡು ಮಾತ್ರ ಇದ್ದಲ್ಲೇ ಇರಲು ನೋಡುತ್ತದೆ. ಎರಡರ ನಡುವೆ ಉಂಟಾಗುವ ಅಂತರವನ್ನು ಅಳೆದರೆ ಅಲುಗಾಟದ ಪ್ರಮಾಣ ಸಿಕ್ಕಿತು. ಸರ್ಕಾರಿ ಬಸ್ಸಿನ ಡ್ರೈವರು ಗಕ್ಕನೆ ಬ್ರೇಕು ಹಾಕಿದಾಗ ನಿಂತಿದ್ದವರೆಲ್ಲ ಮುಂದಕ್ಕೆ ಮುಗ್ಗರಿಸುವುದಿಲ್ಲವೆ? ಅದೇ ನಿಯಮ. ನಿಂತ ಪ್ರಯಾಣಿಕರೇ ಅಲ್ಲಿ ತೂಗುಗುಂಡು. ಮೌತ್‌ಗಾರ್ಡಿನ ಸಂವೇದಕದಲ್ಲಿಯೂ ಇಂಥದೇ ಗುಂಡೊಂದು ಇದೆ. ಸಿಲಿಕಾನ್ ತುಣುಕಿನಲ್ಲಿ ಕೆತ್ತಿದ, ಬರಿಗಣ್ಣಿಗೆ ಕಾಣದ ಗುಂಡು. ಇದಕ್ಕೆ ವೇಗೋತ್ಕರ್ಷ ಮಾಪಕ ಎಂದು ಹೆಸರು.

ಅಳತೆಯ ಏಕಮಾನ ‘ಜಿ’. ಭೂಮಿ ನಮ್ಮನ್ನು ಎಳೆಯುವ ಗುರುತ್ವವೇ ಒಂದು ಜಿ. 1994ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಸಂಶೋಧಕರು ದಿನನಿತ್ಯದ ಚಟುವಟಿಕೆಗಳಲ್ಲಿ ತಲೆ ಎಷ್ಟು ಅಲುಗುತ್ತದೆಂದು ನೋಡಿದರು. ಸೀನಿದಾಗ ಸುಮಾರು 3 ಜಿ, ಕುರ್ಚಿಯಲ್ಲಿ ದೊಪ್ಪನೆ ಕುಕ್ಕರಿಸಿದಾಗ ಸುಮಾರು 10 ಜಿ ದಾಖಲಾಯಿತಂತೆ! ಹಾಗಿದ್ದರೆ ಕಬಡ್ಡಿಯ ಮೊಣಕಾಲಿನ ಪೆಟ್ಟು ಎಷ್ಟು ಜಿ? ಮತ್ತು ಎಷ್ಟು ಜಿ ಆದರೆ ಅಪಾಯ? ಈ ಎರಡನೆಯ ಪ್ರಶ್ನೆಯ ಹಿಂದೆ ಬಿದ್ದವರ ಕತೆ ಸ್ವಾರಸ್ಯಕರವೂ ಹೌದು, ಕೊಂಚ ಭಯಾನಕವೂ ಹೌದು.

ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಪಾಲ್ ಸ್ಟಾಪ್ ತನ್ನ ಮೈಯನ್ನೇ ಪ್ರಯೋಗಶಾಲೆ ಮಾಡಿಕೊಂಡವನು. 1954ರ ಡಿಸೆಂಬರಿನಲ್ಲಿ ರಾಕೆಟ್ ಕಟ್ಟಿದ ಹಳಿಬಂಡಿಯಲ್ಲಿ ಕುಳಿತು ಗಂಟೆಗೆ ಸಾವಿರ ಕಿಲೋಮೀಟರಿಗೂ ಮೀರಿದ ವೇಗ ಮುಟ್ಟಿ, ಸುಮಾರು ಒಂದೂಕಾಲು ಸೆಕೆಂಡಿನಲ್ಲಿ ನಿಂತ. ಅವನ ದೇಹ ತಾಳಿಕೊಂಡದ್ದು 46 ಜಿ. ಕಣ್ಣಿನಲ್ಲಿ ರಕ್ತ ತುಂಬಿಕೊಂಡರೂ ಬದುಕಿ ಉಳಿದ. ಡೆಟ್ರಾಯಿಟ್ ನಗರದ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗುರ್ಜಿಯನ್ ಎಂಬ ನರಶಸ್ತ್ರವೈದ್ಯ ಹಾಗೂ ಲಿಸ್ನರ್ ಎಂಬ ಎಂಜಿನಿಯರ್ ಮೃತದೇಹಗಳ ತಲೆಯನ್ನು ಗಟ್ಟಿ ಹಲಗೆಗಳ ಮೇಲೆ ಬೀಳಿಸಿ ಬುರುಡೆ ಯಾವಾಗ ಬಿರಿಯುತ್ತದೆಂದು ಅಳೆದರು. ಇವರ ಕೆಲಸದಿಂದ ತಿಳಿದುಬಂದ ಮುಖ್ಯ ಸಂಗತಿಯೆಂದರೆ, ಪೆಟ್ಟಿನ ಜೋರು ಮಾತ್ರವಲ್ಲ, ಅದು ಎಷ್ಟು ಹೊತ್ತು ಇತ್ತೆಂಬುದೂ ಲೆಕ್ಕಕ್ಕೆ ಬರುತ್ತದೆ. ಅತಿ ಕಡಿಮೆ ಹೊತ್ತು ಉಳಿಯುವ ದೊಡ್ಡ ಪೆಟ್ಟನ್ನು ತಲೆ ತಾಳಬಲ್ಲದು. ಅಷ್ಟು ದೊಡ್ಡದಲ್ಲದ ಪೆಟ್ಟು ಕೊಂಚ ಹೆಚ್ಚು ಹೊತ್ತು ನಿಂತರೆ ತಾಳಲಾರದು. ಕಾರಿನ ಸುರಕ್ಷತೆಯನ್ನು ಇಂದು ನಿರ್ಧರಿಸುವ ಸೂತ್ರಗಳು ಈ ಲೆಕ್ಕದಿಂದಲೇ ಬಂದವು.

ಆದರೆ ಬುರುಡೆ ಬಿರಿಯುವುದು ಬೇರೆ, ಮಿದುಳು ನೋಯುವುದು ಬೇರೆ. ಈ ಭೇದವನ್ನು ಮನಗಾಣಿಸಿದವನು ಆಕ್ಸ್‌ಫರ್ಡಿನ ಭೌತವಿಜ್ಞಾನಿ ಹೋಲ್‌ಬೋರ್ನ್. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅವನು ಬುರುಡೆಯ ಆಕಾರದ ಅಚ್ಚಿಗೆ ಜೆಲಟಿನ್ ತುಂಬಿ, ಅದನ್ನು ಗಿರ್ರನೆ ತಿರುಗಿಸಿ ನೋಡಿದ. 1943ರಲ್ಲಿ ಅವನು ಪ್ರಕಟಿಸಿದ ವಿಚಾರ ಇದು: ತಲೆ ನೇರವಾಗಿ ಮುಂದಕ್ಕೆ ಹಿಂದಕ್ಕೆ ತಳ್ಳಲ್ಪಟ್ಟರೆ ಮಿದುಳಿಗೆ ಅಷ್ಟು ಹಾನಿಯಿಲ್ಲ, ಗಕ್ಕನೆ ತಿರುಗಿದರೆ ಹಾನಿ ಹೆಚ್ಚು. ತುಂಬಿದ ಕೊಡವನ್ನು ನೆಲದ ಮೇಲಿಟ್ಟು ಥಟ್ಟನೆ ತಿರುಗಿಸಿ ನೋಡಿ. ಕೊಡ ತಿರುಗುತ್ತದೆ, ಒಳಗಿನ ನೀರು ತಿರುಗಲು ತಡಮಾಡುತ್ತದೆ. ಬುರುಡೆಯೊಳಗೆ ದ್ರವದಲ್ಲಿ ತೇಲುವ ಸುಮಾರು 1,400 ಗ್ರಾಂ ತೂಕದ ಮಿದುಳು ನೀರಲ್ಲ, ಕೆನೆಮೊಸರಿನಂಥ ಮೃದು ವಸ್ತು. ಹೊರಪದರ ಬುರುಡೆಯೊಡನೆ ತಿರುಗಿ, ಒಳಭಾಗ ಹಿಂದುಳಿದಾಗ ನಡುವಿನ ನರತಂತುಗಳು ಜಗ್ಗುತ್ತವೆ. ಗದ್ದಕ್ಕೆ ಪಕ್ಕದಿಂದ ಬಿದ್ದ ಗುದ್ದಿಗೆ ಬಾಕ್ಸರ್ ಕುಸಿಯುವುದು, ಹೊರಗೆ ಒಂದು ಹನಿ ರಕ್ತವೂ ಇಲ್ಲದೆ ಹುಡುಗನಿಗೆ ಕಣ್ಣು ಕತ್ತಲಿಡುವುದು ಇದರಿಂದಲೇ. ಇದನ್ನೇ ವೈದ್ಯರು ಕನ್ಕಷನ್ ಎನ್ನುವುದು. ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿ ಅದು ಕಾಣುವುದಿಲ್ಲ. ಹೆಲ್ಮೆಟ್ ಬುರುಡೆಯನ್ನು ಉಳಿಸುತ್ತದೆ, ಈ ತಿರುಗಾಟವನ್ನು ಪೂರ್ತಿಯಾಗಿ ತಡೆಯಲಾರದು. ಹಾಗೆಂದು ಮಾಲೂರಿನಿಂದ ಕೋಲಾರಕ್ಕೆ ಬೈಕಿನಲ್ಲಿ ಹೋಗುವವರು ಹೆಲ್ಮೆಟ್ಟನ್ನು ಮೊಣಕೈಗೆ ತೂಗುಹಾಕಿಕೊಂಡರೆ ಆಯಿತೆಂದು ಅರ್ಥವಲ್ಲ!

ಬಾಕ್ಸರ್‌ಗಳ ಮಾತು ಬಂತು. ಗುದ್ದು ತಿಂದು ತಿಂದು ಕುಡಿದವರಂತೆ ತೊದಲುವ, ತೂರಾಡುವ ಹಳೆಯ ಬಾಕ್ಸರ್‌ಗಳನ್ನು ಕುರಿತು ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ಅಮೆರಿಕದ ವೈದ್ಯ 1928ರಲ್ಲಿ ಬರೆದ. ಜಗತ್ತು ಅದನ್ನು ಬಾಕ್ಸರ್‌ಗಳ ಹಣೆಬರಹ ಎಂದು ಬಿಟ್ಟುಬಿಟ್ಟಿತು. 2002ರಲ್ಲಿ ನೈಜೀರಿಯಾ ಮೂಲದ ಡಾ. ಬೆನೆಟ್ ಒಮಾಲು ಅಮೆರಿಕನ್ ಫುಟ್‌ಬಾಲಿನ ಮಾಜಿ ಆಟಗಾರ ಮೈಕ್ ವೆಬ್‌ಸ್ಟರ್‌ನ ಮಿದುಳನ್ನು ಪರೀಕ್ಷಿಸಿ ಅಲ್ಲಿಯೂ ಅಂಥದೇ ಹಾನಿಯನ್ನು ಕಂಡಾಗ ಎಲ್ಲರೂ ಬೆಚ್ಚಿದರು. ಒಂದು ದೊಡ್ಡ ಪೆಟ್ಟಲ್ಲ, ವರ್ಷಗಟ್ಟಲೆ ಬಿದ್ದ ಚಿಕ್ಕಪುಟ್ಟ ಪೆಟ್ಟುಗಳೂ ಒಟ್ಟಾಗಿ ಮಿದುಳನ್ನು ಕೆಡಿಸಬಹುದೆಂಬ ಸಂಶಯ ಬಲವಾಯಿತು. ಪೆಟ್ಟುಗಳನ್ನು ಎಣಿಸುವ ಅಗತ್ಯ ಬಿದ್ದದ್ದು ಆಗಲೇ.

ಎಣಿಸುವ ಯತ್ನ ಅದಕ್ಕೂ ಹಿಂದೆ ನಡೆದಿತ್ತು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸ್ಟೀಫನ್ ರೀಡ್ ಎಂಬ ವೈದ್ಯ 1960ರ ದಶಕದಲ್ಲಿ ಆಟಗಾರನ ಹೆಲ್ಮೆಟ್ಟಿನಲ್ಲಿ ರೇಡಿಯೊ ಪ್ರೇಷಕ ಅಳವಡಿಸಿ ಆಡಿಸಿದ್ದ. ಒಬ್ಬ ಆಟಗಾರನಿಗೆ ಅಷ್ಟು ಸರಕು ಹೊರಿಸಬೇಕಾಗಿದ್ದರಿಂದ ಅದು ಹಬ್ಬಲಿಲ್ಲ. ದಾರಿ ತೆರೆದದ್ದು ಕಾರಿನ ಏರ್‌ಬ್ಯಾಗ್. ಡಿಕ್ಕಿಯಾದ ಕೂಡಲೇ ಚೀಲ ಉಬ್ಬಬೇಕಾದರೆ ಡಿಕ್ಕಿಯನ್ನು ಅರಿಯುವ ಅಗ್ಗದ ಸಂವೇದಕ ಬೇಕು. ಅದಕ್ಕಾಗಿ 1990ರ ದಶಕದಲ್ಲಿ ಸಿಲಿಕಾನ್ ಚಿಪ್ಪಿನ ವೇಗೋತ್ಕರ್ಷ ಮಾಪಕಗಳು ಲಕ್ಷಗಟ್ಟಲೆ ತಯಾರಾದವು. ಬೆಲೆ ಇಳಿಯಿತು, ಗಾತ್ರ ಕುಗ್ಗಿತು. 2003ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಆರು ಸಂವೇದಕಗಳಿದ್ದ ಹೆಲ್ಮೆಟ್ ತೊಟ್ಟು ಆಡಿತು. ಮುಂದಿನ ವರ್ಷಗಳಲ್ಲಿ ಲಕ್ಷಾಂತರ ಪೆಟ್ಟುಗಳು ಕಂಪ್ಯೂಟರಿನಲ್ಲಿ ಸಂಗ್ರಹವಾದವು.

ಇಲ್ಲೊಂದು ತೊಡಕು ಕಂಡಿತು. ಹೆಲ್ಮೆಟ್ ಅಲುಗುವುದೂ ತಲೆ ಅಲುಗುವುದೂ ಒಂದೇ ಅಲ್ಲ, ಎರಡರ ನಡುವೆ ಸಡಿಲವಿದೆ. ಕಿವಿಯ ಹಿಂದೆ ಅಂಟಿಸುವ ಪಟ್ಟಿಗಳು ಬಂದವು. ಚರ್ಮ ಜಾರುವುದರಿಂದ ಅವೂ ಸುಳ್ಳು ಲೆಕ್ಕ ಹೇಳಿದವು. ತಲೆಬುರುಡೆಗೆ ಬಿಗಿಯಾಗಿ ಅಂಟಿದ, ಹೊರಗಿನಿಂದ ಮುಟ್ಟಬಹುದಾದ ಗಟ್ಟಿ ಭಾಗ ಯಾವುದು? ಮೇಲ್ದವಡೆಯ ಹಲ್ಲು! ಹೀಗೆ ಮೌತ್‌ಗಾರ್ಡಿನ ಸರದಿ ಬಂತು. ನೇರ ಅಲುಗಾಟಕ್ಕೆ ವೇಗೋತ್ಕರ್ಷ ಮಾಪಕ, ತಿರುಗಾಟಕ್ಕೆ ಜೈರೊಸ್ಕೋಪ್, ಹಲ್ಲಿಗೆ ಸಿಕ್ಕಿಸಿಕೊಂಡಿದ್ದಾನೋ ಇಲ್ಲವೋ ಎಂದು ತಿಳಿಯಲು ಇನ್ನೊಂದು ಸಂವೇದಕ. ಇಲ್ಲದಿದ್ದರೆ ಆಟಗಾರ ಅದನ್ನು ಬಾಯಿಂದ ತೆಗೆದು ಚೀಲಕ್ಕೆ ಎಸೆದರೆ ಅದೂ ಒಂದು ತಲೆಪೆಟ್ಟಾಗಿ ದಾಖಲಾಗುತ್ತದೆ. ವಿಶ್ವ ರಗ್ಬಿ ಸಂಸ್ಥೆ 2024ರಲ್ಲಿ ಇದನ್ನು ಜಾರಿಗೆ ತಂದಾಗ ಪುರುಷರಿಗೆ 75 ಜಿ, ಮಹಿಳೆಯರಿಗೆ 65 ಜಿ ಎಂದು ಗೆರೆ ಎಳೆಯಿತು. ತಿರುಗಾಟಕ್ಕೆ ಬೇರೆಯದೇ ಗೆರೆ ಉಂಟು. ಅದನ್ನು ಮೀರಿದರೆ ವೈದ್ಯರ ಫಲಕದಲ್ಲಿ ಎಚ್ಚರಿಕೆ ಮೂಡುತ್ತದೆ, ಆಟಗಾರ ಹೊರಗೆ ಬಂದು ತಪಾಸಣೆಗೆ ಒಳಗಾಗಬೇಕು. ಕೆಲವು ಆಟಗಾರರು ಗೊಣಗಿದರು. ತಮಗೇನೂ ಆಗಿಲ್ಲವೆಂದು ಅವರಿಗೆ ಅನಿಸಿತ್ತು.

ನಮ್ಮಲ್ಲಿ ತಲೆಪೆಟ್ಟಿನ ಮಾತೆಂದರೆ ಕ್ರಿಕೆಟ್. ಚಾಂಪಿಯನ್ ರೀಫ್ ಅದುರಿದ ಆ 1962ರಲ್ಲಿಯೇ, ಮಾರ್ಚ್ ತಿಂಗಳಲ್ಲಿ, ಬಾರ್ಬಡೋಸ್‌ನಲ್ಲಿ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ಭಾರತದ ನಾಯಕ ನಾರಿ ಕಾಂಟ್ರಾಕ್ಟರ್ ಅವರ ಬುರುಡೆ ಒಡೆಯಿತು. ಎದುರಾಳಿ ನಾಯಕ ಫ್ರಾಂಕ್ ವೊರೆಲ್ ರಕ್ತ ಕೊಟ್ಟರು. ಕಾಂಟ್ರಾಕ್ಟರ್ ಬದುಕಿದರು, ಆದರೆ ಮತ್ತೆ ಟೆಸ್ಟ್ ಆಡಲಿಲ್ಲ. 1998ರ ಫೆಬ್ರುವರಿಯಲ್ಲಿ ಢಾಕಾದಲ್ಲಿ ಹೆಲ್ಮೆಟ್ ಇಲ್ಲದೆ ಬ್ಯಾಟ್ಸ್‌ಮನ್ ಹತ್ತಿರ ನಿಂತಿದ್ದ ರಮಣ್ ಲಾಂಬಾ ಪೆಟ್ಟು ತಿಂದು ತಾವೇ ನಡೆದು ಹೊರಬಂದರು. ಮೂರು ದಿನಗಳಲ್ಲಿ ತೀರಿಕೊಂಡರು. ನಡೆದು ಬಂದರು ಎಂಬ ಮಾತನ್ನು ಗಮನಿಸಬೇಕು. ಬುರುಡೆಯೊಳಗೆ ರಕ್ತ ಸೋರುತ್ತಿದ್ದರೂ ಮೊದಲ ಕೆಲವು ನಿಮಿಷ ಮನುಷ್ಯ ಸರಿಯಾಗಿಯೇ ಇದ್ದಾನೆಂದು ಕಾಣಬಹುದು.

ಕನ್ನಡಿಗರು ಮರೆಯದ ಚಿತ್ರ 2002ರ ಮೇ ತಿಂಗಳದು. ಆಂಟಿಗಾದಲ್ಲಿ ಮರ್ವಿನ್ ಡಿಲನ್ ಚೆಂಡಿಗೆ ದವಡೆ ಮುರಿದುಕೊಂಡ ಅನಿಲ್ ಕುಂಬ್ಳೆ ಮುಖಕ್ಕೆ ಪಟ್ಟಿ ಸುತ್ತಿಕೊಂಡು ಬಂದು 14 ಓವರ್ ಎಸೆದರು, ಬ್ರಯನ್ ಲಾರಾ ವಿಕೆಟ್ ಕಿತ್ತರು, ಆಮೇಲೆ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ವಿಮಾನ ಹತ್ತಿದರು. ಅದು ಅಪ್ಪಟ ಧೈರ್ಯ, ಅನುಮಾನವಿಲ್ಲ. ಆದರೆ ನೋವು ನುಂಗಿ ಆಡಿದವನೇ ಗಂಡು ಎಂಬ ಪಾಠವನ್ನು ಅದರಿಂದ ಹಳ್ಳಿ ಮೈದಾನಗಳು ಕಲಿತಿದ್ದರೆ ತಪ್ಪು ಪಾಠ ಕಲಿತವೆಂದೇ ನನ್ನ ಅಭಿಪ್ರಾಯ. ಮೂಳೆ ನೋವನ್ನು ನುಂಗಬಹುದು. ಮಿದುಳಿಗೆ ನೋವೇ ತಿಳಿಯುವುದಿಲ್ಲ, ನುಂಗುವುದೇನನ್ನು? ಇದೇ ಕುಂಬ್ಳೆ 2018ರಲ್ಲಿ ತಮ್ಮ ಸ್ಪೆಕ್ಟಾಕಾಮ್ ಸಂಸ್ಥೆಯ ಮೂಲಕ ಬ್ಯಾಟಿನ ಹಿಂಬದಿಗೆ ಅಂಟಿಸುವ ಸಂವೇದಕವನ್ನು ಹೊರತಂದರು. ಚೆಂಡು ಬ್ಯಾಟಿಗೆ ಎಷ್ಟು ಜೋರಾಗಿ ಬಡಿಯಿತು, ಬ್ಯಾಟು ಎಷ್ಟು ತಿರುಗಿತು ಎಂದು ಅದು ಹೇಳುತ್ತದೆ. ಬೆಂಗಳೂರಿನಲ್ಲಿ ಬ್ಯಾಟಿಗೆ ಇಂಥ ಸಂವೇದಕ ಬಂದ ಆರು ವರ್ಷಕ್ಕೆ ರಗ್ಬಿಯಲ್ಲಿ ಹಲ್ಲಿನದು ಬಂತು.

2014ರ ನವೆಂಬರಿನಲ್ಲಿ ಆಸ್ಟ್ರೇಲಿಯಾದ ಫಿಲಿಪ್ ಹ್ಯೂಸ್ ಕುತ್ತಿಗೆಗೆ ಚೆಂಡು ಬಡಿದು ಸತ್ತ ಮೇಲೆ ಕ್ರಿಕೆಟ್ ಎಚ್ಚೆತ್ತಿತು. 2019ರ ಆಗಸ್ಟಿನಿಂದ ಮಿದುಳು ಅಲುಗಾಟಕ್ಕೆ ಒಳಗಾದವರ ಬದಲಿಗೆ ಬೇರೊಬ್ಬರನ್ನು ಆಡಿಸಲು ಅವಕಾಶವಾಯಿತು. 2020ರ ಡಿಸೆಂಬರಿನಲ್ಲಿ ಕ್ಯಾನ್‌ಬೆರಾದಲ್ಲಿ ಹೆಲ್ಮೆಟ್ಟಿಗೆ ಪೆಟ್ಟು ಬಿದ್ದ ರವೀಂದ್ರ ಜಡೇಜ ಬದಲಿಗೆ ಚಾಹಲ್ ಇಳಿದು ಮೂರು ವಿಕೆಟ್ ಕಿತ್ತಾಗ ಆಸ್ಟ್ರೇಲಿಯನ್ನರು ಮುಖ ಗಂಟಿಕ್ಕಿದ್ದರು. ಇನ್ನು 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಗುದ್ದು ತಿಂದು ಬಿದ್ದ ಮೈಸೂರಿನ ಯುವಕ ಮತ್ತೆ ಏಳಲೇ ಇಲ್ಲ. ಆಗ ಎದ್ದ ಪ್ರಶ್ನೆಗಳು ಸಂವೇದಕದ್ದಲ್ಲ, ಅಂಕಣದ ಬಳಿ ವೈದ್ಯಕೀಯ ವ್ಯವಸ್ಥೆ ಇತ್ತೇ ಎಂಬುದು.

ಸಂವೇದಕ ಬಂದರೆ ಎಲ್ಲ ಬಗೆಹರಿಯಿತೆ? ಇಲ್ಲ. ಕೂಡಿಟ್ಟ ಲಕ್ಷಾಂತರ ದಾಖಲೆಗಳಿಂದ ತಿಳಿದುಬಂದದ್ದು ಕೊಂಚ ನಿರಾಶೆಯ ಸಂಗತಿ. 100 ಜಿ ಪೆಟ್ಟು ತಿಂದವನು ಏನೂ ಆಗದೆ ಎದ್ದುಹೋಗಬಹುದು, 60 ಜಿ ತಿಂದವನಿಗೆ ವಾರಗಟ್ಟಲೆ ತಲೆ ಸುತ್ತಬಹುದು. ಪೆಟ್ಟು ಬಿದ್ದ ದಿಕ್ಕು, ಕತ್ತಿನ ಬಲ, ಹಿಂದೆ ಬಿದ್ದ ಪೆಟ್ಟುಗಳು, ವಯಸ್ಸು ಎಲ್ಲವೂ ಸೇರಿಕೊಳ್ಳುತ್ತವೆ. ಹಾಗಾಗಿ ಯಂತ್ರ ರೋಗ ನಿರ್ಣಯ ಮಾಡುವುದಿಲ್ಲ, ‘ಇವನನ್ನು ನೋಡಿ’ ಎಂದು ಬೆರಳು ತೋರಿಸುತ್ತದೆ ಅಷ್ಟೆ. ಕೆಜಿಎಫ್‌ನ ಜಿಯೋಫೋನ್‌ಗಳ ಕತೆಯೂ ಹೀಗೆಯೇ ಇತ್ತು. ಬಂಡೆ ಎಲ್ಲಿ ಸಿಡಿಯಿತು, ಎಷ್ಟು ಜೋರಾಗಿ ಸಿಡಿಯಿತು ಎಂದು ಅವು ಕರಾರುವಾಕ್ಕಾಗಿ ಹೇಳಿದವು. ಮುಂದಿನದು ಯಾವಾಗ ಎಂದು ಹೇಳಲಾರದೆ ಹೋದವು. ಆದರೂ ಯಾವ ಭಾಗಕ್ಕೆ ಜನರನ್ನು ಕಳಿಸಬಾರದು ಎಂದು ತೀರ್ಮಾನಿಸಲು ಆ ಲೆಕ್ಕವೇ ನೆರವಾಗುತ್ತಿತ್ತು.

ವಿಚಿತ್ರವೆಂದರೆ ಈಗ ಇಂಥ ಮಾಪಕಗಳು ಕೋಲಾರ ತಾಲ್ಲೂಕಿನಲ್ಲಿ ದಿನವೂ ಸಾವಿರ ಸಾವಿರ ಸಂಖ್ಯೆಯಲ್ಲಿ ಕೈ ದಾಟುತ್ತವೆ. ಹೆದ್ದಾರಿ ಪಕ್ಕದ ನರಸಾಪುರದಲ್ಲಿ, 2023ರಲ್ಲಿ ಟಾಟಾ ಸಮೂಹ ಕೊಂಡ ಕಾರ್ಖಾನೆಯಲ್ಲಿ ಐಫೋನ್‌ಗಳ ಜೋಡಣೆ ನಡೆಯುತ್ತದೆ. 2022ರಿಂದೀಚಿನ ಐಫೋನ್ ಮಾದರಿಗಳಲ್ಲಿ ಕಾರು ಅಪಘಾತವನ್ನು ಗುರುತಿಸಲೆಂದೇ 256 ಜಿ ವರೆಗೆ ಅಳೆಯಬಲ್ಲ ವೇಗೋತ್ಕರ್ಷ ಮಾಪಕ ಇರುತ್ತದೆ. ರಗ್ಬಿಯ ಗೆರೆಗಿಂತ ಮೂರು ಪಟ್ಟು ಮಿಗಿಲು! ಅದೇ ನರಸಾಪುರದಲ್ಲಿ 2013ರಿಂದ ಹೋಂಡಾ ದ್ವಿಚಕ್ರ ವಾಹನಗಳೂ ತಯಾರಾಗುತ್ತಿವೆ. ಮೌತ್‌ಗಾರ್ಡನ್ನು ಮಾತ್ರ ನಾನು ಈ ಜಿಲ್ಲೆಯ ಯಾವ ಕಬಡ್ಡಿ ಅಂಕಣದಲ್ಲೂ ಕಂಡಿಲ್ಲ, ಸಾದಾ ರಬ್ಬರಿನದನ್ನೂ ಸಹ.

ಬೆಂಗಳೂರಿನ ನಿಮ್ಹಾನ್ಸ್ ದಶಕಗಳಿಂದ ತಲೆಗಾಯದ ಲೆಕ್ಕ ಇಟ್ಟಿದೆ. ಅದರ ಅಧ್ಯಯನಗಳ ಪ್ರಕಾರ ತಲೆಗಾಯಗಳಲ್ಲಿ ಸುಮಾರು ಶೇಕಡ 60ರಷ್ಟು ರಸ್ತೆ ಅಪಘಾತದಿಂದ, ಸುಮಾರು ಕಾಲು ಭಾಗ ಬೀಳುವುದರಿಂದ ಆಗುತ್ತವೆ. ಮಾವಿನ ಮರ ಹತ್ತುವ ಶ್ರೀನಿವಾಸಪುರದವರಿಗೆ ಬೀಳುವುದೆಂದರೆ ಏನೆಂದು ಹೇಳಬೇಕಾಗಿಲ್ಲ. ಆಟದ ಪಾಲು ಈ ಪಟ್ಟಿಯಲ್ಲಿ ಚಿಕ್ಕದು. ಆದರೆ ಆಟದಲ್ಲಿ ಪೆಟ್ಟು ತಿಂದ ಹುಡುಗ ಆಸ್ಪತ್ರೆಗೆ ಹೋದರೆ ತಾನೆ ಪಟ್ಟಿ ಸೇರುವುದು? 2022ರ ಜನವರಿಯಲ್ಲಿ ಸರ್ಕಾರವೂ ನಿಮ್ಹಾನ್ಸೂ ಸೇರಿ ಮಿದುಳು ಆರೋಗ್ಯ ಯೋಜನೆಯನ್ನು ಪ್ರಾಯೋಗಿಕವಾಗಿ ಆರಂಭಿಸಿದಾಗ ಆರಿಸಿಕೊಂಡ ಕಡೆಗಳಲ್ಲಿ ಕೋಲಾರವೂ ಒಂದು. ಯೋಜನೆಯ ರಾಯಭಾರಿಯಾದವರು ಕ್ರಿಕೆಟಿಗ ರಾಬಿನ್ ಉತ್ತಪ್ಪ. ಪಾರ್ಶ್ವವಾಯು, ಮೂರ್ಛೆರೋಗ, ತಲೆನೋವು, ಮರೆಗುಳಿತನ ಅದರ ಮುಖ್ಯ ಗಮನ. ನರರೋಗ ತಜ್ಞರಿಲ್ಲದ ಊರಿನ ವೈದ್ಯರಿಗೆ ತರಬೇತಿ ಕೊಡುವುದು ಅದರ ಉದ್ದೇಶಗಳಲ್ಲೊಂದು.

ಯಂತ್ರವಿಲ್ಲದ ಅಂಕಣದಲ್ಲಿ ಏನು ಮಾಡುವುದು? ಬೆರಳು ಎಣಿಸುವ ಪರೀಕ್ಷೆ ಬಹುಮಟ್ಟಿಗೆ ನಿರುಪಯುಕ್ತ, ಅಲುಗಾಟಕ್ಕೆ ಸಿಕ್ಕವನೂ ಅದರಲ್ಲಿ ಪಾಸಾಗುತ್ತಾನೆ. ಆಸ್ಟ್ರೇಲಿಯಾದ ಡೇವಿಡ್ ಮ್ಯಾಡಕ್ಸ್ ಎಂಬ ನರಮನೋವಿಜ್ಞಾನಿ ಮತ್ತವರ ಸಂಗಡಿಗರು 1995ರಲ್ಲಿ ಆಟಗಾರರ ಮೇಲೆ ಪರೀಕ್ಷಿಸಿ ಕಂಡುಕೊಂಡದ್ದೇನೆಂದರೆ, ಹೆಸರು, ಹುಟ್ಟಿದ ದಿನ ಕೇಳಿದರೆ ಪ್ರಯೋಜನವಿಲ್ಲ, ಅವು ಅಳಿಸುವುದಿಲ್ಲ. ಅಳಿಸುವುದು ಆಗತಾನೆ ನಡೆದ ಸಂಗತಿ. ಅವರ ಪ್ರಶ್ನೆಗಳನ್ನು ನಮ್ಮ ಅಂಕಣಕ್ಕೆ ಒಗ್ಗಿಸಿದರೆ ಹೀಗಾಗುತ್ತದೆ: ಈಗ ನಾವು ಯಾವ ಊರಲ್ಲಿ ಆಡುತ್ತಿದ್ದೇವೆ? ಇದು ಮೊದಲ ಅರ್ಧವೋ ಎರಡನೆಯದೋ? ಕೊನೆಯ ಪಾಯಿಂಟ್ ಯಾರು ತೆಗೆದರು? ಹೋದ ಪಂದ್ಯ ಯಾರ ಮೇಲೆ ಆಡಿದೆವು? ಗೆದ್ದೆವೋ ಸೋತೆವೋ? ಒಂದಕ್ಕೆ ತಪ್ಪಿದರೂ ಅಂದಿಗೆ ಅವನ ಆಟ ಮುಗಿಯಿತು. ಎಲ್ಲಕ್ಕೂ ಸರಿಯಾಗಿ ಹೇಳಿದರೂ ತಲೆ ಸುತ್ತು, ಮಂಕುತನ ಇದ್ದರೆ ಅವನನ್ನು ಮತ್ತೆ ಇಳಿಸುವಂತಿಲ್ಲ. ತಲೆನೋವು ಏರುತ್ತಾ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ನಿದ್ದೆಯಿಂದ ಎಬ್ಬಿಸಲು ಕಷ್ಟವಾದರೆ, ಎಷ್ಟೇ ಹೊತ್ತಾಗಿದ್ದರೂ ಅದೇ ರಾತ್ರಿ ಗಾಡಿ ಹತ್ತಿಸಬೇಕು. ಬೆಳಿಗ್ಗೆ ನೋಡೋಣ ಎನ್ನುವ ಹಾಗಿಲ್ಲ.